ಒಳಗೆ ಕರೆಯುವ ತನಕ

ಎದುರಿನ ಕುರ್ಚಿಯಲ್ಲಿ ಕೂತಿದ್ದ ಬಸುರಿ ಹೆಂಗಸಿನ ರವಿಕೆ ಕಂಕುಳ ಕೆಳಗೆ ಹೊಲಿಗೆ ಬಿಟ್ಟಿತ್ತು. ಯಾರೋ ಅವಸರಕ್ಕೆ ಒಂದೇ ಸಾಲು ಹೊಲಿದು ಕೈ ತೊಳೆದುಕೊಂಡಿದ್ದರು. ಟೇಲರಮ್ಮ ಮುಖ ತಿರುಗಿಸಿದಳು. ಕಣ್ಣು ಮಾತ್ರ ಹೇಳಿದ ಮಾತು ಕೇಳದೆ ಮತ್ತೆ ಅಲ್ಲಿಗೇ ಹೋಯಿತು. ಬೀದಿಯವರ ಬಾಯಲ್ಲಿ ಅವಳು ಟೇಲರಮ್ಮನಾಗಿ ಎಷ್ಟು ಕಾಲವಾಗಿತ್ತೆಂದರೆ, ಆಸ್ಪತ್ರೆಯ ಕಿಟಕಿಯಲ್ಲಿ ಚೀಟಿ ಬರೆಯುವವನು ಹೆಸರು ಕೇಳಿದಾಗ ತನ್ನ ಹೆಸರನ್ನೇ ಒಂದು ಗಳಿಗೆ ಹುಡುಕಿದ್ದಳು. ಅವನಿಗೆ ಬೇಕಾಗಿದ್ದದ್ದು ಅವಳ ಹೆಸರಲ್ಲ, ಮಗಳದು. "ನೀನು ಕೂತ್ಕೋ ಅಮ್ಮ, ನಾನು ಬರೆಸ್ತೀನಿ" ಎಂದು ಮಗಳು ಮುಂದೆ ಬಂದಿದ್ದಳು. ಬರೆಸಿ ಬಂದವಳು ಅಮ್ಮನ ಪಕ್ಕದ ಕುರ್ಚಿಯಲ್ಲಿ ತನ್ನ ಚೀಲ ಇಟ್ಟು, ಅದರಾಚೆಯ ಕುರ್ಚಿಯಲ್ಲಿ ಕೂತಳು. ಚೀಲಕ್ಕೆ ಬೇರೆ ಕುರ್ಚಿ ಬೇಕೆ? ತೊಡೆಯ ಮೇಲೆ ಇಟ್ಟುಕೊಂಡಿದ್ದರೆ ಇವಳ ಗಂಟೇನು ಹೋಗುತ್ತಿತ್ತು? ಚೀಲ ಇಬ್ಬರ ನಡುವೆ ಹೆಣ್ಣು ನೋಡಲು ಬಂದ ನೆಂಟನ ಹಾಗೆ ಗಂಭೀರವಾಗಿ ಕೂತಿತ್ತು. ಅದನ್ನೆತ್ತಿ ನೆಲದ ಮೇಲಿಟ್ಟು ಆ ಜಾಗಕ್ಕೆ ಸರಿದುಬಿಡಬೇಕೆಂದು ಟೇಲರಮ್ಮನಿಗೆ ಎಷ್ಟು ಆಸೆಯಾಯಿತೆಂದರೆ, ಎರಡು ಕೈಗಳನ್ನೂ ತೊಡೆಯ ಕೆಳಗೆ ಹಾಕಿಕೊಂಡು ಕೂರಬೇಕಾಯಿತು.

ಬಸ್ಸಿನಲ್ಲಿ ಮಗಳಿಗೆ ಹೇಳಬೇಕೆಂದಿದ್ದ ಮಾತೊಂದಿತ್ತು. ಹೆಂಗಸರ ಡಾಕ್ಟರ ಹತ್ತಿರ ಮೊದಲ ಸಲ ಹೋದಾಗ ಏನಾಗುತ್ತದೆ, ಎಲ್ಲಿ ಮಲಗಿಸುತ್ತಾರೆ, ಏನು ಮುಟ್ಟುತ್ತಾರೆ, ನೋವಾಗುತ್ತದೋ ಇಲ್ಲವೋ, ಇದನ್ನೆಲ್ಲ ತಾಯಿ ಹೇಳದೆ ಇನ್ಯಾರು ಹೇಳಬೇಕು? ಹಿಂದಿನ ದಿನವಿಡೀ ಹೊಲಿಗೆ ಯಂತ್ರ ತುಳಿಯುತ್ತ ಒಳಗೊಳಗೇ ಪಾಠ ಒಪ್ಪಿಸಿದ್ದಳು. ನೋಡು ಪುಟ್ಟಿ, ಅಲ್ಲಿ ಒಂದು ಮಂಚ ಇರುತ್ತೆ. ಮಂಚದ ತನಕ ಮಾತು ಸಲೀಸಾಗಿ ಬರುತ್ತಿತ್ತು. ಅಲ್ಲಿಂದ ಮುಂದೆ ನೂಲು ಸಿಕ್ಕಾಗುತ್ತಿತ್ತು. ಕತ್ತು, ಹೆಗಲು, ಎದೆ, ಸೊಂಟ ಎಂದು ದಿನವೆಲ್ಲ ಬಾಯಿ ತುಂಬ ಹೇಳುವವಳೇ. ಆದರೆ ಅವಳ ಕಸುಬಿನಲ್ಲಿ ಸೊಂಟದ ಸುತ್ತಳತೆ ಮುಗಿದ ಮೇಲೆ ಉಳಿಯುವುದು ಬಟ್ಟೆಯ ಉದ್ದ ಮಾತ್ರ. ಅಲ್ಲಿ ಇರುವುದನ್ನು ಹೆಸರಿಸುವ ಮಾತನ್ನು ಅವಳ ಅಮ್ಮನೂ ಅವಳಿಗೆ ಕಲಿಸಿರಲಿಲ್ಲ. ಆಸ್ಪತ್ರೆಯ ನಿಲ್ದಾಣ ಹತ್ತಿರ ಬರುತ್ತಿತ್ತು, ಇನ್ನು ತಡ ಮಾಡಿದರೆ ಆಗುವುದಿಲ್ಲ ಎಂದು ಅವಳು ಧೈರ್ಯ ತಂದುಕೊಂಡು ಬಾಯಿ ತೆರೆದಳು. ಬಂದದ್ದು ಇಷ್ಟು: "ಒಳಗೆ ಒಳ್ಳೇದು ಹಾಕ್ಕೊಂಡಿದೀಯಾ ತಾನೇ? ಹರಿದಿದ್ದಲ್ಲ ತಾನೇ?" ಮುಂದಿನ ಸೀಟಿನ ಗಂಡಸಿನ ಕತ್ತು ಸ್ವಲ್ಪ ನೆಟ್ಟಗಾಯಿತು. "ಅಮ್ಮ, ಮೆಲ್ಲಗೆ" ಎಂದು ಮಗಳು ಹಲ್ಲು ಕಚ್ಚಿ ಹೇಳಿ ಕಿಟಕಿಯ ಕಡೆ ತಿರುಗಿದಳು. ಮತ್ತೆ ತಿರುಗಿದ್ದು ಇಳಿಯುವಾಗಲೇ.

ಮೆಲ್ಲಗೆ ಮಾತಾಡುವುದು ಟೇಲರಮ್ಮನಿಗೆ ಮರೆತೇ ಹೋಗಿತ್ತು. ಅಂಗಡಿಯಲ್ಲಿ ಕಾಜಾ ಹಾಕಿ ಗುಂಡಿ ಹೊಲಿಯುವ ಅಜ್ಜಿಗೆ ಕಿವಿ ಮಂದ. ಅಳತೆ ಬರೆದುಕೊಳ್ಳುವವಳೂ ಆ ಅಜ್ಜಿಯೇ. ಟೇಲರಮ್ಮ ಗಿರಾಕಿಯ ಸುತ್ತ ಟೇಪು ಹಿಡಿದು ಒಂದೊಂದೇ ಅಳತೆ ಕೂಗಬೇಕು, ಅಜ್ಜಿ ಮೂಲೆಯಲ್ಲಿ ಸೀಮೆಸುಣ್ಣದಿಂದ ಹಲಗೆಯ ಮೇಲೆ ಬರೆಯಬೇಕು. ಗಿರಾಕಿ ಹೆಂಗಸರು ಇದಕ್ಕೆ ಒಗ್ಗಿಹೋಗಿದ್ದರು. "ಏನ್ ಟೇಲರಮ್ಮ, ನನ್ನ ಸೊಂಟದ ಸುದ್ದಿ ಊರಿಗೆಲ್ಲ ಡಂಗುರ ಹೊಡೆದ್ರಿ" ಎಂದು ನಗುತ್ತಿದ್ದರು. ಕೆಲವು ವರ್ಷಗಳ ಹಿಂದೆ ಒಂದು ದಿನ ಮಗಳು ಶಾಲೆಯಿಂದ ನೇರ ಅಂಗಡಿಗೆ ಬಂದಿದ್ದಳು. ಸಮವಸ್ತ್ರ ಬಿಗಿಯಾಗಿತ್ತು, ಹೊಸದು ಹೊಲಿಯಬೇಕಿತ್ತು. ಬಾಗಿಲ ಹತ್ತಿರ ಅವಳ ತರಗತಿಯ ಹುಡುಗರಿಬ್ಬರು ಪ್ಯಾಂಟಿನ ಕಾಲು ಗಿಡ್ಡ ಮಾಡಿಸಲು ನಿಂತಿದ್ದರು. ಟೇಲರಮ್ಮ ಅವರನ್ನು ನೋಡಿದ್ದಳೇ? ನೋಡಿದ್ದಳು. ಗಿರಾಕಿಗಳನ್ನು ನೋಡುವ ಹಾಗೆ ನೋಡಿದ್ದಳು. ಟೇಪು ಮಗಳ ಎದೆಯ ಸುತ್ತ ಬಂತು, ಬಾಯಿ ತಾನಾಗಿ ತೆರೆಯಿತು, ಅಳತೆ ಅಂಗಡಿ ತುಂಬಿ ಬೀದಿಗೂ ಹೋಯಿತು. ಅಜ್ಜಿ "ಆಂ?" ಎಂದಳು. ಟೇಲರಮ್ಮ ಇನ್ನೂ ಜೋರಾಗಿ ಕೂಗಿದಳು. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತೇನೋ. ಬೆಳೆಯುವ ಹುಡುಗಿಯರ ಅಮ್ಮಂದಿರಿಗೆ ಹೇಳುವ ಮಾತನ್ನೂ ಸೇರಿಸಿಬಿಟ್ಟಳು: "ಹೋದ ವರ್ಷಕ್ಕಿಂತ ಎಷ್ಟೊಂದು ಜಾಸ್ತಿ ಆಗಿದೆ, ಒಳಗೆ ಧಾರಾಳವಾಗಿ ಬಟ್ಟೆ ಬಿಟ್ಟೇ ಹೊಲೀಬೇಕು!" ಮಗಳು ಎತ್ತಿ ಹಿಡಿದ ತೋಳುಗಳನ್ನು ನಿಧಾನವಾಗಿ ಇಳಿಸಿದಳು. ಆಮೇಲೆ ಅವಳು ತೊಟ್ಟದ್ದೆಲ್ಲ ಸಿದ್ಧ ಉಡುಪು. ಇವತ್ತು ತೊಟ್ಟಿದ್ದೂ ಅದೇ. ಹೆಗಲ ಹೊಲಿಗೆ ತೋಳಿನ ಮೇಲೆ ಜೋತು ಬಿದ್ದಿದೆ, ಬೆನ್ನಿನಲ್ಲಿ ಗಾಳಿ ತುಂಬಿದ ಹಾಗೆ ಉಬ್ಬಿದೆ. ಚೀಲದ ಈಚೆಯಿಂದ ಟೇಲರಮ್ಮ ಅದನ್ನು ನೋಡಿದಳು, ಒಂದು ಪಿನ್ನು ಸಿಕ್ಕಿದ್ದರೆ ಎಂದುಕೊಂಡಳು. "ಅಳತೆ ತಗೋಬೇಡಮ್ಮ" ಎಂದಳು ಮಗಳು, ತಿರುಗದೆಯೇ.

ಒಳಗಿನ ಕೋಣೆಯ ಬಾಗಿಲು ತೆರೆಯಿತು. ಡಾಕ್ಟರೇ ಬಾಗಿಲ ತನಕ ಬಂದರು. ಟೇಲರಮ್ಮನಿಗಿಂತ ಚಿಕ್ಕ ವಯಸ್ಸಿನ ಹೆಂಗಸು, ಕನ್ನಡಕ ತಲೆಯ ಮೇಲೆ, ಬಿಳಿ ಕೋಟಿನ ಕೆಳಗಿನ ಗುಂಡಿ ಇಲ್ಲ. ಮಗಳ ಹೆಸರು ಹಿಡಿದು ಕರೆದರು. ಮಗಳು ಎದ್ದಳು, ಟೇಲರಮ್ಮನೂ ಎದ್ದಳು. "ಅಮ್ಮನೂ ಒಳಗೆ ಬರ್ಲಾ, ಒಬ್ರೇ ಬರ್ತೀರಾ? ನಿಮಗೆ ಹೇಗೆ ಬೇಕೋ ಹಾಗೆ" ಎಂದು ಡಾಕ್ಟರು ಮಗಳನ್ನು ಕೇಳಿದರು. ಹೀಗೂ ಕೇಳುತ್ತಾರೆಯೇ? ಇದು ಕೇಳುವ ಮಾತೇ? ಟೇಲರಮ್ಮ ಆಗಲೇ ಒಂದು ಹೆಜ್ಜೆ ಮುಂದಿಟ್ಟಿದ್ದಳು. "ಒಬ್ಳೇ ಬರ್ತೀನಿ. ಅಮ್ಮ ಹೊರಗಿರ್ಲಿ" ಎಂದಳು ಮಗಳು. ಅದನ್ನೂ ಡಾಕ್ಟರಿಗೆ ಹೇಳಿದಳೇ ಹೊರತು ಅಮ್ಮನಿಗಲ್ಲ. ಮುಂದಿಟ್ಟ ಹೆಜ್ಜೆಯನ್ನು ಏನು ಮಾಡುವುದೆಂದು ತೋಚದೆ ಟೇಲರಮ್ಮ ಗೋಡೆಯ ಮೇಲಿದ್ದ ಚಿತ್ರವನ್ನು ನೋಡಲೆಂದೇ ಎದ್ದವಳ ಹಾಗೆ ಅದರ ಮುಂದೆ ಹೋಗಿ ನಿಂತಳು. ಕೂಸಿಗೆ ಹಾಲೂಡಿಸುವ ಚಿತ್ರ. ಬಸುರಿ ಹೆಂಗಸು ಅವಳನ್ನೇ ನೋಡುತ್ತಿದ್ದಳು. ಈ ಚಿತ್ರದಿಂದ ಈ ವಯಸ್ಸಿನಲ್ಲಿ ಇವಳಿಗೇನಾಗಬೇಕು ಎಂದುಕೊಂಡಿರಬೇಕು ಪಾಪ.

ಬಾಗಿಲು ಮುಚ್ಚಿತು. ಅವಳು ಮತ್ತೆ ಕೂತಳು. ಚೀಲ ಇನ್ನೂ ಅಲ್ಲೇ ಇತ್ತು. ಒಳಗೆ ಈಗ ಏನಾಗುತ್ತಿರಬಹುದು? ಮೊದಲು ಮಲಗು ಅನ್ನುತ್ತಾರೆ. ಟೇಲರಮ್ಮ ಮೊದಲ ಸಲ ಹೋದಾಗ ಅವಳಿಗೆ ಹಾಗೂ ಅಂದಿರಲಿಲ್ಲ. ಡಾಕ್ಟರು ಆಯಾಳಿಗೆ "ಇವಳನ್ನ ಮಲಗಿಸು" ಎಂದಿದ್ದರು. ಮದುವೆಯಾಗಿ ಎರಡು ವರ್ಷವಾಗಿತ್ತು, ಮಗು ನಿಂತಿರಲಿಲ್ಲ. ಜೊತೆಗೆ ಬಂದಿದ್ದ ಅತ್ತೆ ಒಳಗೂ ಬಂದಿದ್ದರು, ಅವಳ ಹೆಸರನ್ನೂ ಅವರೇ ಹೇಳಿದ್ದರು, ಮುಟ್ಟಿನ ಲೆಕ್ಕವನ್ನೂ ಅವರೇ ಒಪ್ಪಿಸಿದ್ದರು, ತಪ್ಪಾಗಿ. ತಿದ್ದಲು ಬಾಯಿ ಬಂದಿರಲಿಲ್ಲ. ಕಾಲುಗಳನ್ನು ಎರಡು ಕಬ್ಬಿಣದ ಕೊಂಡಿಗಳ ಮೇಲೆ ಎತ್ತಿಟ್ಟರು. ಅವು ಕಾಲಿಡುವ ಕೊಂಡಿಗಳೆಂದೂ ಅವಳಿಗೆ ಗೊತ್ತಿರಲಿಲ್ಲ. ಬಟ್ಟೆ ತೂಗುಹಾಕಲು ಇರಬೇಕು ಅಂದುಕೊಂಡಿದ್ದಳು. ಚಾವಣಿಯಲ್ಲಿ ಒಂದು ಫ್ಯಾನು, ಅದರ ಒಂದು ರೆಕ್ಕೆಗೆ ಜೇಡರ ಬಲೆ. ಆಮೇಲೆ ಅದು, ಹೇಳದೆ ಕೇಳದೆ, ತಣ್ಣನೆಯ ಲೋಹ. ಅವಳು ಸೆರಗಿನ ತುದಿ ಕಚ್ಚಿದಳು. "ಬಿಗಿ ಹಿಡೀಬೇಡಮ್ಮ, ಬೇಗ ಬಿಡ್ತೀನಿ" ಎಂದರು ಡಾಕ್ಟರು, ಸಿಡುಕುತ್ತ. ಹೇಗೆ ಸಡಿಲ ಬಿಡುವುದು, ಯಾವುದನ್ನು, ಯಾರೂ ಹೇಳಲಿಲ್ಲ. ಎಲ್ಲ ಮುಗಿದ ಮೇಲೆ ಡಾಕ್ಟರು ಅತ್ತೆಯ ಹತ್ತಿರ ಏನೋ ಮಾತಾಡಿದರು. ಹಿಂದಿರುಗುವಾಗ ದಾರಿಯಲ್ಲಿ "ಏನಂದ್ರು ಅತ್ತೆ?" ಎಂದು ಕೇಳಿದ್ದಕ್ಕೆ "ಏನೂ ಇಲ್ಲ, ನಡಿ" ಎಂದಿದ್ದರು. ಅವಳ ಹೊಟ್ಟೆಯ ಸುದ್ದಿ ಅತ್ತೆಯ ಹೊಟ್ಟೆಯಲ್ಲೇ ಉಳಿಯಿತು, ಅವರು ಹೋಗುವಾಗ ತೆಗೆದುಕೊಂಡು ಹೋದರು. ಆಮೇಲೆ ಮಗಳು ಹುಟ್ಟಿದ್ದು ಬೇರೆ ಮಾತು. ಆ ದಿನ ನೋವಾಯಿತೇ ಎಂದರೆ ಆಯಿತು, ಆದರೆ ಅವಳಿಗೆ ಇವತ್ತಿಗೂ ನೆನಪಾಗುವುದು ನೋವಲ್ಲ. ತಲೆಯ ಹತ್ತಿರ ಯಾರಾದರೂ ನಿಂತು "ಇನ್ನು ಇಷ್ಟೇ" ಅಂದಿದ್ದರೆ ಎಂದು ಆಗ ಆಸೆಯಾಗಿತ್ತು. ಅದೇ ಆಸೆ ಇವತ್ತು ಬೆಳಿಗ್ಗೆ ಮಗಳ ಜೊತೆ ಹೊರಡುವಾಗ ಚಪ್ಪಲಿ ಮೆಟ್ಟಿಕೊಂಡು ಅವಳ ಜೊತೆಗೇ ಹೊರಟಿತ್ತು: ತಾನು ಆ ತಲೆಯ ಹತ್ತಿರ ನಿಲ್ಲುವವಳಾಗಬೇಕು. ಮಗಳು ನೋವಿಗೆ ಕೈ ಚಾಚಬೇಕು. ತಾನು ಹಿಡಿಯಬೇಕು.

ಮಗಳಿಗೆ ನೋವಾಗಲಿ ಎಂದು ಆಸೆಪಟ್ಟೆನೇ? ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಅದಕ್ಕಿಂತ ಹೇಸಿಗೆಯದು ಇನ್ನೊಂದಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತು ಮಗಳು "ಹೊಟ್ಟೆನೋವು ತಡೆಯೋಕಾಗ್ತಿಲ್ಲ, ಹೆಂಗಸರ ಡಾಕ್ಟರಿಗೆ ತೋರಿಸ್ತೀನಿ" ಅಂದಾಗ, ಕೇಳುವ ಧಾಟಿಯಲ್ಲಲ್ಲ, ತಿಳಿಸುವ ಧಾಟಿಯಲ್ಲಿ ಅಂದಾಗ, ಗಂಡ ಎದ್ದು ಹೋಗಿ ರೇಡಿಯೋದ ಕಿವಿ ಹಿಂಡಿ ಸುದ್ದಿ ಜೋರು ಮಾಡಿದ. ಅವನಾದರೋ ಹೆದರಿ ಓಡಿದ. ಇವಳು ಓಡಲಿಲ್ಲ, ಮಗಳ ಸೊಂಟ ನೋಡಿದಳು. ಟೇಪಿಲ್ಲದೆ ಅಳೆಯುವ ಕಣ್ಣು. ಹೆಚ್ಚಾಗಿದೆಯೇ? ಯಾರ ಜೊತೆ? ಎಂದಿನಿಂದ? ಮಗಳು ಆ ನೋಟವನ್ನು ಕಂಡಳು. ಕಂಡು, ಅಂಗಿಯ ಅಂಚನ್ನು ಕೆಳಗೆ ಎಳೆದುಕೊಂಡಳು. "ನಾನೂ ಬರ್ತೀನಿ" ಎಂದಿದ್ದಕ್ಕೆ "ಬೇಕಿದ್ರೆ ಬಾ" ಎಂದಳು. ಬೇಕಿದ್ದರೆ! ಬೇಕು ಎನ್ನುವುದು ಎಷ್ಟೆಂದು ಆ ಹುಡುಗಿಗೇನು ಗೊತ್ತು. ರಾತ್ರಿ ತಲೆ ಒರೆಸಿಕೊಳ್ಳುವಾಗ ಆ ಒದ್ದೆ ಕೂದಲಿನ ವಾಸನೆ ಬೇಕು. ಊಟದ ಹೊತ್ತಿಗೆ ಹೀಗಾಯ್ತು ಹಾಗಾಯ್ತು ಎಂದು ಬಡಬಡಿಸುತ್ತಿದ್ದ ಬಾಯಿ ಬೇಕು. ಈಗ ಮನೆಯಲ್ಲಿ ಮಗಳ ಮಾತು "ಹ್ಞೂಂ", "ಇಲ್ಲ", "ಆಮೇಲೆ", ಈ ಮೂರಕ್ಕೆ ಬಂದು ನಿಂತಿದೆ.

ಆಗ ಒಳಗಿಂದ ನಗು ಕೇಳಿಸಿತು. ಡಾಕ್ಟರ ನಗುವಲ್ಲ. ಎಲ್ಲಿದ್ದರೂ ಗುರುತು ಹಿಡಿಯಬಹುದಾದ, ಮೂಗಿನಿಂದ ಹೊರಟು ಆಮೇಲೆ ಬಾಯಿಗೆ ಬರುವ ಮಗಳ ನಗು. ಟೇಲರಮ್ಮ ಎದ್ದು ಬಾಗಿಲ ಹತ್ತಿರ ಹೋದಳು. ಅಳುವುದು ಕೇಳಿದ್ದರೆ ಬಾಗಿಲು ನೂಕಿ ನುಗ್ಗುತ್ತಿದ್ದಳು, ಅದಕ್ಕೆ ತಾಯಿಗೆ ಯಾರ ಅಪ್ಪಣೆಯೂ ಬೇಕಿಲ್ಲ. ನಗುವಿಗೆ ನುಗ್ಗುವುದು ಹೇಗೆ? ಬೆತ್ತಲೆ ಮೈಯ ಮೇಲೆ ಒಂದು ಚಾದರ ಹೊದ್ದು ಮಲಗಿ ಆ ಹುಡುಗಿ ನಗುತ್ತಿದ್ದಾಳೆ, ಅದೂ ಯಾರೋ ಗುರುತಿಲ್ಲದವಳ ಮುಂದೆ. ಸದ್ಯ, ಹೆದರಿಲ್ಲ ಎಂದು ಸಮಾಧಾನವಾಯಿತು. ಆ ಸಮಾಧಾನದ ಹಿಂದೆಯೇ ಹೊಟ್ಟೆಕಿಚ್ಚು ಬಂತು, ಡಾಕ್ಟರ ಮೇಲೆ, ಕೋಟಿನ ಗುಂಡಿಯನ್ನೂ ಹಾಕಿಸಿಕೊಳ್ಳಲು ಬಾರದ ಆ ಹೆಂಗಸಿನ ಮೇಲೆ. "ಅಮ್ಮ, ಬಾಗಿಲಲ್ಲಿ ನಿಲ್ಲಬೇಡಿ" ಎಂದಳು ನರ್ಸು. ಟೇಲರಮ್ಮ ತಿರುಗಿ ಬರುವಾಗ ಒಂದು ಸಲ ಗೋಡೆ ಹಿಡಿದುಕೊಂಡಳು. ಈಚೆಗೆ ಎದ್ದಾಗ ಕಣ್ಣು ಕತ್ತಲೆ ಬರುತ್ತಿತ್ತು. ಯಾರೂ ನೋಡಿಲ್ಲವೆಂದು ಖಾತ್ರಿ ಮಾಡಿಕೊಂಡು ಕೂತಳು, ಕೂರುವ ಮೊದಲು ಅಭ್ಯಾಸದಂತೆ ಬಟ್ಟೆಯ ಹಿಂಭಾಗವನ್ನು ಸವರಿ ನೋಡಿಕೊಂಡಳು. ಕಪ್ಪು ಬಟ್ಟೆ. ಎರಡು ವರ್ಷದಿಂದ ಅವಳು ಕಪ್ಪೋ ಕಡುನೀಲಿಯೋ ಬಿಟ್ಟರೆ ಬೇರೆ ತೊಟ್ಟಿರಲಿಲ್ಲ.

ಮಗಳು ಹೊರಗೆ ಬಂದಳು. ಕೂದಲು ಸ್ವಲ್ಪ ಕೆದರಿತ್ತು, ಅಷ್ಟೇ. ಟೇಲರಮ್ಮ ಅವಳ ಮುಖದಲ್ಲಿ ಏನನ್ನು ಹುಡುಕಿದಳೋ, ಅದು ಸಿಗಲಿಲ್ಲ. "ನೋವಾಯ್ತಾ?" ಎಂದಳು, ಸಾಧ್ಯವಾದಷ್ಟು ಮೆಲ್ಲಗೆ. "ಇಲ್ಲ." "ಏನಂತೆ?" "ಮಾತ್ರೆ ಕೊಟ್ಟಿದಾರೆ. ಹೆದರೋಂಥದ್ದೇನಿಲ್ಲ." ಮಾತು ಮುಗಿಯಿತು ಎಂದು ಟೇಲರಮ್ಮ ಚೀಲ ಎತ್ತಿಕೊಳ್ಳಲು ಬಗ್ಗಿದಳು. ಮಗಳು ಕದಲಲಿಲ್ಲ. "ಅಮ್ಮ, ಡಾಕ್ಟರು ನಿನ್ನ ಕರೀತಿದಾರೆ."

ತಾಯಿಯನ್ನು ಕರೆದು ಹೇಳುವಂಥದ್ದು ಎಂದರೆ ಇನ್ನೇನಿರುತ್ತದೆ? ಒಳಗೆ ಹೋಗುವಷ್ಟರಲ್ಲಿ ಅವಳು ಎಲ್ಲದಕ್ಕೂ ಸಿದ್ಧಳಾಗಿಬಿಟ್ಟಿದ್ದಳು. ಇದ್ದರೆ ಇರಲಿ, ಯಾರದಾದರೂ ಆಗಲಿ, ನಾನು ಬೈಯುವುದಿಲ್ಲ, ಸೊಂಟ ನೋಡುವುದಿಲ್ಲ, ಗಂಡನಿಗೆ ನಾನೇ ಹೇಳುತ್ತೇನೆ, ರೇಡಿಯೋ ಆರಿಸಿ ಹೇಳುತ್ತೇನೆ. ಕುರ್ಚಿಯ ಅಂಚಿನಲ್ಲಿ ಕೂತು, "ಅವಳಿಗೆ ಏನೂ ಗೊತ್ತಾಗಲ್ಲ ಡಾಕ್ಟ್ರೇ, ಇನ್ನೂ ಚಿಕ್ಕವಳು. ಏನಿದ್ರೂ ನಂಗೆ ಹೇಳಿ" ಅಂದಳು.

"ಅವರದ್ದೆಲ್ಲ ಅವರಿಗೇ ಹೇಳಿದೀನಿ" ಎಂದರು ಡಾಕ್ಟರು. "ಈಗ ನಿಮ್ಮದು ಹೇಳಿ. ರಕ್ತ ಹೋಗೋದು ಎಷ್ಟು ದಿನದಿಂದ ಹೀಗಿದೆ?"

ಟೇಲರಮ್ಮನಿಗೆ ಪ್ರಶ್ನೆ ಯಾರಿಗೆಂದು ತಿಳಿಯಲಿಲ್ಲ. ಹಿಂದೆ ತಿರುಗಿ ನೋಡಿದಳು. ಮಗಳು ಬಾಗಿಲು ಮುಚ್ಚಿ ಅದಕ್ಕೆ ಒರಗಿ ನಿಂತಿದ್ದಳು, ಅಮ್ಮ ಓಡಿಹೋಗದ ಹಾಗೆ. "ನಾನೇ ಹೇಳ್ದೆ" ಎಂದಳು. "ಮಿಷನ್ ಸ್ಟೂಲಿನ ಮೇಲೆ ಕಪ್ಪು ಬಟ್ಟೆ ಮಡಚಿ ಹಾಕ್ಕೊಂಡು ಕೂರ್ತಾಳೆ ಡಾಕ್ಟ್ರೇ. ಎದ್ರೆ ಗೋಡೆ ಹಿಡ್ಕೋತಾಳೆ. ಬೆಳಗಾಗೋಕೆ ಮುಂಚೆ ಎದ್ದು ಚಾದರ ಒಗೀತಾಳೆ. ಕೇಳಿದ್ರೆ ವಯಸ್ಸು ಅಂತಾಳೆ. ನಂಗೆ ಹೇಗೂ ಇಲ್ಲಿಗೆ ಬರೋದಿತ್ತಲ್ಲ, ಹಂಗಾದ್ರೂ ಬರ್ತಾಳೆ ಅಂತ..." ಒಂದೇ ಉಸಿರಿಗೆ ಇಷ್ಟೊಂದು ಮಾತು. ಟೇಲರಮ್ಮ ಮಾತಿನ ಅರ್ಥಕ್ಕಿಂತ ಮೊದಲು ಮಾತಿನ ಉದ್ದಕ್ಕೇ ಬೆರಗಾದಳು. ಬಾಗಿಲಾಚೆ ಕೂತು ಒಳಗಿನ ಒಂದು ಮಾತಿಗಾಗಿ ಹಂಬಲಿಸುತ್ತಿದ್ದಾಗ ಒಳಗೆ ನಡೆಯುತ್ತಿದ್ದದ್ದು ತನ್ನದೇ ಮಾತು. ತಾನು ಬಚ್ಚಿಟ್ಟದ್ದನ್ನೆಲ್ಲ ಈ ಹುಡುಗಿ ಒಂದೊಂದಾಗಿ ನೋಡಿದ್ದಾಳೆ, ಯಾರಿಗೂ ಕೂಗಿ ಹೇಳದೆ ಇಟ್ಟುಕೊಂಡಿದ್ದಾಳೆ. ನಾಚಿಕೆಯೂ ಅಳುವೂ ಒಟ್ಟಿಗೆ ನುಗ್ಗಿ ಬಂದವು. "ಇವತ್ತು ಬೇಡ. ಅಂಗಡೀಲಿ ಕೆಲಸ ಬಿದ್ದಿದೆ" ಎಂದಳು.

"ಬೇಡ ಅಂದ್ರೆ ಬೇಡ" ಎಂದರು ಡಾಕ್ಟರು, ತಮಾಷೆಯಾಗಿ ಅಲ್ಲ. "ಆದ್ರೆ ಏನು ಮಾಡ್ತೀನಿ ಅಂತ ಕೇಳಿ ಆಮೇಲೆ ಹೇಳಿ. ಮೊದಲು ಹೊಟ್ಟೆ ಮುಟ್ಟಿ ನೋಡ್ತೀನಿ. ಆಮೇಲೆ ಇದನ್ನ ಇಟ್ಟು ಗರ್ಭಕೋಶದ ಬಾಯಿ ನೋಡ್ತೀನಿ." ಮೇಜಿನ ಮೇಲಿಂದ ಪ್ಲಾಸ್ಟಿಕ್ಕಿನ, ಬಾತುಕೋಳಿಯ ಕೊಕ್ಕಿನಂಥದ್ದನ್ನು ತೆಗೆದು ಅವಳ ಕೈಗೇ ಕೊಟ್ಟರು. ಇಷ್ಟು ಹಗುರವೇ ಇದು! "ಚಿಕ್ಕ ಬ್ರಷ್ಷಲ್ಲಿ ಒಂಚೂರು ಸವರಿ ಪರೀಕ್ಷೆಗೆ ಕಳಿಸ್ತೀವಿ. ಕೊನೇಲಿ ಬೆರಳಿಟ್ಟು ಗರ್ಭಕೋಶ ದಪ್ಪ ಆಗಿದೆಯಾ ಅಂತ ನೋಡ್ತೀನಿ. ಮಧ್ಯೆ ಯಾವಾಗ ಬೇಕಾದ್ರೂ ನಿಲ್ಲಿಸಿ ಅನ್ನಿ, ನಿಲ್ಲಿಸ್ತೀನಿ." ನಿಲ್ಲಿಸಿ ಎನ್ನಬಹುದು ಎಂಬ ಮಾತು ಟೇಲರಮ್ಮನ ಕಿವಿಗೆ ಇದೇ ಮೊದಲು ಬೀಳುತ್ತಿರುವುದು. ಆ ಕೊಕ್ಕನ್ನು ಕೈಯಲ್ಲಿ ತೆರೆದು ಮುಚ್ಚಿ ನೋಡಿದಳು. ಆಮೇಲೆ ಏನನ್ನೂ ನಿರ್ಧರಿಸದವಳ ಹಾಗೆ ಎದ್ದು ಪರದೆಯ ಹಿಂದೆ ಹೋದಳು.

ಮಂಚದ ಮೇಲೆ ಮಲಗಿದಾಗ ಚಾವಣಿ ಬಿಳಿಯಾಗಿತ್ತು, ಫ್ಯಾನು ಇರಲಿಲ್ಲ. ನೋಡುವುದಕ್ಕೆ ಏನೂ ಇರಲಿಲ್ಲ. ಮಗಳು ತಲೆಯ ಹತ್ತಿರ ಬಂದು ನಿಂತಳು. ಯಾರೂ ಕರೆದಿರಲಿಲ್ಲ, ತಾನಾಗಿಯೇ ಬಂದಿದ್ದಳು. "ಸೊಂಟ ಇನ್ನೂ ಕೆಳಗೆ ಬರ್ಬೇಕು ಅಮ್ಮ, ಅಂಚಿನ ತನಕ. ಬಿದ್ದೇ ಹೋಗ್ತೀನಿ ಅನ್ಸುತ್ತೆ, ಬೀಳಲ್ಲ." ಟೇಲರಮ್ಮ ಸರಿದಳು. ಮೊಳಕಾಲುಗಳು ತಾವಾಗಿ ಒಂದಕ್ಕೊಂದು ಅಂಟಿಕೊಂಡವು. "ಕಾಲು ಗಟ್ಟಿ ಮಾಡ್ಬೇಡ. ಕಾಲ್ಬೆರಳು ಅಲ್ಲಾಡ್ಸು." "ಏನು?" "ಬೆರಳಮ್ಮ, ಕಾಲಿನ ಬೆರಳು. ಅಲ್ಲಾಡಿಸ್ತಾ ಇರು, ಬಿಗಿ ಹಿಡಿಯೋಕೇ ಆಗಲ್ಲ. ನಂಗೂ ಹಂಗೇ ಮಾಡಿಸಿದ್ರು, ನಗು ಬಂದ್ಬಿಡ್ತು." ಟೇಲರಮ್ಮ ಬೆರಳಾಡಿಸಿದಳು. ಜನ್ಮವೆಲ್ಲ ಯಂತ್ರ ತುಳಿದ, ಒರಟು ಹಿಮ್ಮಡಿಯ ಆ ಕಾಲುಗಳ ತುದಿಯಲ್ಲಿ ಹತ್ತು ಬೆರಳು ಕೂಸಿನ ಬೆರಳುಗಳ ಹಾಗೆ ಆಡುತ್ತಿದ್ದವು. "ಈಗ ತಣ್ಣಗಿರುತ್ತೆ" ಎಂದಳು ಮಗಳು, ಅಮ್ಮನ ಕೈ ಹಿಡಿದುಕೊಂಡು.

ತಣ್ಣಗಿತ್ತು. ಆದರೆ ಟೇಲರಮ್ಮನಿಗೆ ಗೊತ್ತಾಗುತ್ತಿದ್ದದ್ದು ಮಗಳ ಕೈ ಮಾತ್ರ. ಸೂಜಿ ಹಿಡಿಯದ, ಬಟ್ಟೆ ಒಗೆಯಲು ತಾನು ಬಿಡದೆ ಸಾಕಿದ ಮೆತ್ತನೆಯ ಅಂಗೈ. ಹೆಬ್ಬೆರಳು ತನ್ನ ಬೆರಳ ಗಂಟುಗಳ ಮೇಲೆ ಆಚೆ ಈಚೆ ಓಡಾಡುತ್ತಿದೆ. ಈ ಕೈಯನ್ನು ಕೊನೆಯ ಸಲ ಹಿಡಿದದ್ದು ಯಾವಾಗ? ರಸ್ತೆ ದಾಟಿಸಲು ಇರಬೇಕು. "ಈಗ ಒತ್ತಿದ ಹಾಗೆ ಆಗುತ್ತೆ. ನೋವಲ್ಲ, ಒಂಥರಾ ಅಷ್ಟೇ. ಉಸಿರು ಬಿಡು. ಬಿಡು, ಬಿಡು." ಅವಳು ಬಿಟ್ಟಳು. "ಬ್ರಷ್ಷು ಚುರುಕ್ ಅನ್ನುತ್ತೆ, ಅಷ್ಟರಲ್ಲಿ ಮುಗಿದೇ ಹೋಗಿರುತ್ತೆ." ಮಗಳಿಗೆ ಇದೆಲ್ಲ ಹೇಗೆ ಗೊತ್ತು, ಅವಳಿಗೆ ಎಷ್ಟು ಮಾಡಿದರು, ಯಾಕೆ ಮಾಡಿದರು ಎಂಬ ಪ್ರಶ್ನೆ ಬಂತು, ಬಂದ ದಾರಿಯಲ್ಲೇ ಅದನ್ನು ಕಳಿಸಿಬಿಟ್ಟಳು. ಮಗಳು ಮಾತಾಡುತ್ತಲೇ ಇದ್ದಳು. ಹೊರಗಿನ ಬಸುರಿ ಹೆಂಗಸಿನ ಬಗ್ಗೆ, ತಾನು ಮಂಚದಿಂದ ಇಳಿಯುವಾಗ ಚಾದರ ಕಾಲಿಗೆ ತೊಡರಿದ್ದರ ಬಗ್ಗೆ, ಮಧ್ಯೆ ಮಧ್ಯೆ "ಇನ್ನೊಂಚೂರು" ಎನ್ನುತ್ತ. ಅವಳ ಉಸಿರು ಟೇಲರಮ್ಮನ ಹಣೆಗೆ ತಾಗುತ್ತಿತ್ತು. ಒದ್ದೆ ಕೂದಲಿನ ವಾಸನೆಯಲ್ಲ, ಬೆವರಿನದು, ಬಸ್ಸಿನ ಧೂಳಿನದು. ಆದರೂ ಅವಳದೇ.

"ಆಯ್ತು" ಎಂದರು ಡಾಕ್ಟರು. "ಗರ್ಭಕೋಶದಲ್ಲಿ ಒಂದು ಗಂಟಿದ್ದ ಹಾಗಿದೆ. ತುಂಬ ಜನಕ್ಕಿರುತ್ತೆ. ಸ್ಕ್ಯಾನ್ ಮಾಡಿ ನೋಡೋಣ, ರಕ್ತಕ್ಕೆ ಔಷಧಿ ಇವತ್ತೇ ಶುರು ಮಾಡೋಣ. ಎದ್ದೇಳಿ, ಮುಗೀತು."

"ಇಷ್ಟು ಬೇಗನಾ?" ಎಂದಳು ಟೇಲರಮ್ಮ.

ಡಾಕ್ಟರು ಕೈಗವಸು ಕಳಚುತ್ತಿದ್ದವರು ಜೋರಾಗಿ ನಕ್ಕುಬಿಟ್ಟರು. "ಈ ಮಂಚದ ಮೇಲೆ ಮಲಗಿ ಇದುವರೆಗೂ ಯಾರೂ ಆ ಮಾತು ಕೇಳಿಲ್ಲ ಕಣಮ್ಮ" ಎನ್ನುತ್ತ ಕೈ ತೊಳೆಯಲು ಹೋದರು. ನಲ್ಲಿಯ ನೀರು ಬೀಳುವ ಸದ್ದು ಬಂತು. ಮಗಳ ಹೆಬ್ಬೆರಳು ನಿಂತಿತು. "ಏಳಮ್ಮ, ಹೋಗೋಣ" ಎಂದು ಅವಳು ಬೆರಳುಗಳನ್ನು ಬಿಡಿಸಿಕೊಳ್ಳತೊಡಗಿದಳು.

"ಒಂದ್ನಿಮಿಷ ಇರು ಪುಟ್ಟಿ. ಎದ್ರೆ ತಲೆ ಸುತ್ತುತ್ತೆ."

"ಸುತ್ತುತ್ತಾ? ಮಲ್ಕೋ, ಮಲ್ಕೋ, ಏಳ್ಬೇಡ." ಮಗಳು ಬಿಟ್ಟ ಕೈಯನ್ನು ಮತ್ತೆ ಹಿಡಿದುಕೊಂಡಳು, ಈ ಸಲ ಎರಡೂ ಕೈಯಿಂದ.

ಟೇಲರಮ್ಮ ಕಣ್ಣು ಮುಚ್ಚಿದಳು. ತಲೆ ಸುತ್ತುತ್ತಿರಲಿಲ್ಲ.